200 ಯೂನಿಟ್ ದಾಟಿದ ಕೂಸಿನ ಉಸಿರು
(ನಮ್ಮೂರ ಮಾತು, ಭಾಗ 7)

ಮೊದಲು ಒಂದು ಲೆಕ್ಕ ಮಾಡ್ರಿ. ಮೊಬೈಲ್ ಕೈಯಾಗೇ ಐತಲ್ಲ, ಕ್ಯಾಲ್ಕುಲೇಟರ್ ತೆಗೀರಿ.

ಮನ್ಯಾಗ ಇಡೋ ಆಕ್ಸಿಜನ್ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಕರೆಂಟ್ ಎಳಿತೈತಿ. 24 ತಾಸು ಓಡಿದ್ರ ದಿನಕ್ಕ 8.4 ಯೂನಿಟ್. ತಿಂಗಳಿಗೆ 252. ಗೃಹಜ್ಯೋತಿ ಮಿತಿ ಎಷ್ಟು? 200. ಫ್ಯಾನ್ ಹಾಕಿಲ್ಲ, ಲೈಟ್ ಹಚ್ಚಿಲ್ಲ, ಬರೇ ಒಂದು ಮಷೀನಿಗೇ ಮಿತಿ ಮುಗೀತು. 200 ದಾಟಿದ ತಿಂಗಳು ಉಚಿತ ಅನ್ನೋದೇ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು.

ಇಂಥ ಮಷೀನ್ ಯಾರ ಮನ್ಯಾಗ ಓಡತೈತಿ ಗೊತ್ತೇನು? ದಿನ ತುಂಬೋಕಿಂತ ಭಾಳ ಮೊದಲ ಹುಟ್ಟಿ, ಎನ್‌ಐಸಿಯುದಾಗ ತಿಂಗಳುಗಟ್ಟಲೆ ಇದ್ದು, ಬದುಕಿ ಮನಿಗೆ ಬಂದ ಕೆಲವು ಕೂಸುಗಳ ಮನ್ಯಾಗ.

37 ವಾರ ತುಂಬೋಕಿಂತ ಮೊದಲ ಹುಟ್ಟಿದ್ರ ಅವಧಿಪೂರ್ವ ಹೆರಿಗೆ ಅಂತಾರ. ಭಾರತದಾಗ 2020ರಲ್ಲಿ ಇಂಥ ಕೂಸುಗಳು ಸುಮಾರು 30 ಲಕ್ಷ. ಅದರಾಗ 28 ವಾರಕ್ಕೋ ಅದರ ಆಸುಪಾಸಿಗೋ ಹುಟ್ಟಿದ ಕೂಸಿನ ಶ್ವಾಸಕೋಶ ಇನ್ನೂ ಅರ್ಧ ಕಟ್ಟಿದ ಮನಿ ಇದ್ದಂಗ. ಬದುಕಿಸಾಕ ವೆಂಟಿಲೇಟರ್ ಬೇಕು, ಆಕ್ಸಿಜನ್ ಬೇಕು. ಆದ್ರ ಅದೇ ಗಾಳಿಯ ಒತ್ತಡ, ಅದೇ ಆಕ್ಸಿಜನ್ ಆ ಎಳೇ ಶ್ವಾಸಕೋಶಕ್ಕ ಗಾಯನೂ ಮಾಡತಾವ. ಇದರಿಂದ ಬರೋ ದೀರ್ಘಕಾಲದ ಕಾಯಿಲೆಗೆ ಬ್ರಾಂಕೋಪಲ್ಮನರಿ ಡಿಸ್‌ಪ್ಲೇಸಿಯಾ ಅಂತ ಹೆಸರು. ಡಾಕ್ಟರುಗಳು ಬಿಪಿಡಿ ಅಂತಾರ.

1963ರ ಆಗಸ್ಟ್‌ನಲ್ಲಿ ಅಮೆರಿಕಾದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ 34 ವಾರಕ್ಕ ಹುಟ್ಟಿದ. ಶ್ವಾಸಕೋಶ ಬಲಿತಿರಲಿಲ್ಲ, ಎರಡು ದಿನದಾಗ ತೀರಿಕೊಂಡ. ಅಷ್ಟು ದೊಡ್ಡ ದೇಶದ ಅಧ್ಯಕ್ಷನ ಕೈಲೂ ಏನೂ ಆಗಲಿಲ್ಲ. ನಾಲ್ಕು ವರ್ಷದ ಮ್ಯಾಲೆ, 1967ರಲ್ಲಿ, ಸ್ಟ್ಯಾನ್‌ಫರ್ಡ್‌ನ ವಿಲಿಯಂ ನಾರ್ತ್‌ವೇ ಮತ್ತು ಸಂಗಡಿಗರು ಈ ಬಿಪಿಡಿಯನ್ನ ಮೊದಲ ಸಲ ವಿವರಿಸಿದರು. ಅಂದ್ರ ಇದು ಬದುಕಿ ಉಳಿದ ಕೂಸುಗಳಿಗೆ ಬರೋ ರೋಗ. ಮೊದಲಿನವು ಈ ರೋಗ ಬರೋತನಕ ಉಳೀತಾನೇ ಇರಲಿಲ್ಲ.

ಸಮಾಧಾನದ ಮಾತೂ ಐತಿ. ಹುಟ್ಟಿದ ಮ್ಯಾಲೂ ಶ್ವಾಸಕೋಶ ಬೆಳೀತಾನೇ ಇರತೈತಿ, ಹೊಸ ಗಾಳಿಚೀಲ ಹುಟ್ಟತಾವ. ಹಂಗಾಗಿ ಹೆಚ್ಚಿನ ಕೂಸುಗಳಿಗೆ ಮನ್ಯಾಗ ಆಕ್ಸಿಜನ್ ಬೇಕಾಗೋದು ಕೆಲವು ತಿಂಗಳ ಮಟ್ಟಿಗೆ. ಆ ತಿಂಗಳುಗಳಾಗ ಆಕ್ಸಿಜನ್ ಕಡಿಮಿ ಬಿದ್ರ ಮಾತ್ರ ಕೂಸಿನ ತೂಕ ಏರಂಗಿಲ್ಲ, ಹೃದಯದ ಮ್ಯಾಲೆ ಭಾರ ಬೀಳತೈತಿ.

“ಹಂಗಾದ್ರ ಪೂರ್ತಿ ಆರಾಮ ಆಗೋತನಕ ದವಾಖಾನ್ಯಾಗ ಇಟ್ಕೋಬೇಕಪ್ಪ” ಅಂತ ನೀವು ಕೇಳಬಹುದು. ನನ್ನ ಉತ್ತರ, ಬ್ಯಾಡ. ದವಾಖಾನ್ಯಾಗ ಸೋಂಕಿನ ಭಯ ಐತಿ. ಒಂದು ಹಾಸಿಗಿ ಖಾಲಿ ಆದ್ರ ಇನ್ನೊಂದು ಕೂಸಿಗೆ ಜಾಗ. ಗುಡಗೇರಿಯಿಂದ ಹುಬ್ಬಳ್ಳಿಗೆ ರೈಲು ಹತ್ತಿ, ಸಂಶಿ, ಕುಂದಗೋಳ ದಾಟಿ ದಿನಾ ಓಡಾಡೋ ಅವ್ವನ ಕೂಲಿ ಹೋಗತೈತಿ, ಮನ್ಯಾಗ ಇನ್ನೊಂದು ಮಗು ಇರತೈತಿ. ಕೂಸು ಗಟ್ಟಿ ಆದ ಮ್ಯಾಲೆ ಮನಿಗೆ ಕಳಿಸೋದೇ ಸರಿ. ಆದ್ರ ಮಷೀನ್ ಕೊಟ್ಟು ಕೈ ತೊಳಕೊಂಡ್ರ ಅದು ಕಳಿಸಿದಂಗಲ್ಲ, ಬಿಟ್ಟಂಗ. ಇಲ್ಲಿಂದ ಮುಂದ ಕೂಸಿನ ಉಸಿರು ಹೆಸ್ಕಾಂ ಲೈನಿನ ಮ್ಯಾಲೆ ನಿಂತಿರತೈತಿ.

ಅದಕ್ಕ ನನ್ನ ವಾದ ಇಷ್ಟು.

ಒಂದು, ಡಾಕ್ಟರ್ ಚೀಟಿ ಇದ್ದ ಮನಿಗೆ ಆ ತಿಂಗಳುಗಳ ಮಟ್ಟಿಗೆ ಗೃಹಜ್ಯೋತಿಯ 200ರ ಮಿತಿ ಸಡಿಲ ಮಾಡಬೇಕು. “ನಾಕು ಮಂದಿಗೆ ಅಂತ ಕಾನೂನು ಬದಲಿಸಾಕ ಆಗತೈತೇನು?” ಅಂತಾರ. ನಾಕೇ ಮಂದಿ ಅದಾರ ಅಂದ್ರ ಸರ್ಕಾರಕ್ಕ ಖರ್ಚೂ ಅಷ್ಟೇ ಕಡಿಮಿ ಅಲ್ಲೇನು? ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾಗ ಮನ್ಯಾಗ ಕಾನ್ಸಂಟ್ರೇಟರ್ ಓಡಿಸೋರಿಗೆ ಕರೆಂಟಿನ ರೊಕ್ಕ ವಾಪಸ್ ಕೊಡತಾರ. ಇದೇನು ಆಗದ ಮಾತಲ್ಲ.

ಎರಡು, ಮಷೀನ್ ಎರವಲು ಸಿಗಬೇಕು. 2021ರ ಕೋವಿಡ್ ಟೈಮಿನ್ಯಾಗ ಪಿಎಂ ಕೇರ್ಸ್‌ನಿಂದ 1 ಲಕ್ಷ ಕಾನ್ಸಂಟ್ರೇಟರ್ ಖರೀದಿಗೆ ಒಪ್ಪಿಗಿ ಕೊಟ್ಟಿದ್ದು ನೆನಪೈತೇನು? ತಾಲ್ಲೂಕು ದವಾಖಾನ್ಯಾಗ ಅಂಥ ಮಷೀನ್ ಸುಮ್ನ ಕುಂತಿದ್ರ, ರಿಪೇರಿ ನೋಡಿ, ಕೂಸಿಗೆ ಬೇಕಾದ ಸಣ್ಣ ಅಳತಿಯ ಫ್ಲೋಮೀಟರ್ ಹಚ್ಚಿ ಕೊಡ್ರಿ. ದೊಡ್ಡವರಿಗೆ ನಿಮಿಷಕ್ಕ 5 ಲೀಟರ್ ಬೇಕಾದ್ರ, ಇಂಥ ಕೂಸಿಗೆ ಅರ್ಧ ಲೀಟರೂ ಬ್ಯಾಡ ಇರಬಹುದು.

ಮೂರು, ಕರೆಂಟ್ ತೆಗಿಯೋಕಿಂತ ಮೊದಲ ಆ ಮನಿಗೆ ಒಂದು ಫೋನ್ ಬರಬೇಕು. ಒಂದು ಬ್ಯಾಟರಿಯ ಇನ್ವರ್ಟರ್ ಈ ಮಷೀನನ್ನ ಮೂರ್ನಾಲ್ಕು ತಾಸು ನಡಸಬಹುದು, ಅಷ್ಟೇ. ಆಮ್ಯಾಲೆ ಸಿಲಿಂಡರ್ ಬೇಕು. ಅದು ಖಾಲಿ ಆದ್ರ ಮಳ್ಯಾಗ, ರಾತ್ರ್ಯಾಗ ಎಲ್ಲಿಂದ ತರತೀರಿ?

ಸರ್ಕಾರದ ಮಾತಾತು. ಇನ್ನ ನಮ್ಮ ಓಣಿ ಮಾತು.

ಬಾಣಂತಿ ಖೋಲ್ಯಾಗ ಲೋಬಾನ ಹಾಕಿ ಕೂಸಿಗೆ ಹೊಗಿ ಕೊಡೋದು ನಮ್ಮ ಕಡೆ ರೂಢಿ. ಈ ಕೂಸಿಗೆ ಅದು ವಿಷ. ಅಜ್ಜಿಗೆ ಪ್ರೀತಿಲೆ ಹೇಳ್ರಿ, ಜಗಳ ಆಡಬ್ಯಾಡ್ರಿ. ಮೆಣಸಿನಕಾಯಿ ಹುರಿಯೋ ಘಾಟು, ಒಲಿ ಹೊಗಿ ದೂರ ಇರಲಿ. ಕಾಕಾ, ಮಾಮಾ ಯಾರೇ ಇರಲಿ, ಬೀಡಿ ಸಿಗರೇಟು ಆ ಮನ್ಯಾಗ ಬ್ಯಾಡವೇ ಬ್ಯಾಡ. ಆಕ್ಸಿಜನ್ ಇದ್ದಲ್ಲಿ ಕಿಡಿ ಬಿದ್ರ ಬೆಂಕಿ ಜೋರಾಗಿ ಹತ್ತತೈತಿ. ನೆಗಡಿ ಇದ್ರ ಕೂಸು ನೋಡಾಕ ಹೋಗಬ್ಯಾಡ್ರಿ. ನಮಗ ನೆಗಡಿ, ಅದಕ್ಕ ಮತ್ತ ಎನ್‌ಐಸಿಯು. ಲಸಿಕೆ ದಿನ ಅವರಿಗೆ ಬೈಕಿನ ಬದಲಿ ಒಂದು ಆಟೋ ಮಾಡಿಕೊಡ್ರಿ. ಆಕ್ಸಿಮೀಟರ್ ನೋಡೋದು ಕೋವಿಡ್‌ನಾಗ ನಾವೆಲ್ಲಾ ಕಲ್ತೇವಿ. ಡಾಕ್ಟರ್ ಹೇಳಿದ ಅಂಕಿಗಿಂತ ಕೆಳಗಿಳಿದ್ರ, ಕೂಸಿನ ತುಟಿ ನೀಲಿ ಆದ್ರ, ಪಕ್ಕಿ ಒಳಗ ಎಳಕೊಂಡು ಉಸಿರಾಡಿದ್ರ ತಡ ಮಾಡದ 108ಕ್ಕ ಫೋನ್ ಹಚ್ಚಾಕ ಅವ್ವಗ ಕೈಜೋಡಿಸ್ರಿ.

ಮತ್ತ ಒಂದು ಮಾತು. ಮೂಗಿನ್ಯಾಗ ನಳಿ ಇರೋ ಕೂಸಿನ ಫೋಟೊ ಸ್ಟೋರಿಗೆ ಹಾಕಿ “ಪಾಪ” ಅಂತ ಬರೀಬ್ಯಾಡ್ರಿ. ಆ ಕೂಸು ಪಾಪ ಅಲ್ಲ, ಭಾಳ ಗಟ್ಟಿ. ಆ ಮನ್ಯಾಗ ಕೊರತಿ ಇರೋದು ಕರೆಂಟಿಂದು, ರೊಕ್ಕದ್ದು, ರಾತ್ರಿ ಎರಡು ತಾಸು ಅವ್ವಗ ನಿದ್ದಿ ಮಾಡಾಕ ಬಿಡೋ ಮಂದಿದು.

ನಿಮ್ಮೂರಾಗ ಲೈನ್‌ಮನ್ ನಂಬರ್, ಆಶಾ ಅಕ್ಕನ ನಂಬರ್ ಎಷ್ಟು ಮಂದಿ ಫೋನಿನ್ಯಾಗ ಐತಿ? ಇವತ್ತ ಸೇವ್ ಮಾಡಿಕೊಳ್ರಿ. ಗೃಹಜ್ಯೋತಿ ಮಿತಿ ಬಗ್ಗೆ ನಿಮಗ ಏನನಸತೈತಿ, ಕಮೆಂಟಿನ್ಯಾಗ ಬರೀರಿ. ಒಪ್ಪದಿದ್ರೂ ಬರೀರಿ, ವಾದ ಮಾಡೋಣ.

#ಗುಡಗೇರಿ #ಕುಂದಗೋಳ #ನಮ್ಮೂರಮಾತು #ಕೂಸಿನಉಸಿರು