ವಾರವಿಲ್ಲದ ದಿನ

ಈ ವರ್ಷ ಸೋಮವಾರ ಬಂದ ಹುಟ್ಟುಹಬ್ಬ ಮುಂದಿನ ವರ್ಷ ಮಂಗಳವಾರ ಬರುತ್ತದೆ. ನಡುವೆ ಫೆಬ್ರುವರಿ 29 ಬಂದರೆ ಬುಧವಾರ. ಏಕೆ? 365 ದಿನಗಳಲ್ಲಿ 52 ವಾರ ಕಳೆದರೆ ಒಂದು ದಿನ ಉಳಿಯುತ್ತದೆ.

ಈ ಉಳಿಕೆಗೆ ಇಂಗ್ಲಿಷ್ ಲೇಖಕ ಜೆ.ಆರ್.ಆರ್. ಟೋಲ್ಕಿನ್ ಸೊಗಸಾದ ಉಪಾಯ ಹುಡುಕಿದರು. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕಾದಂಬರಿಯ ಮೂರನೆಯ ಸಂಪುಟದ (1955) ಅನುಬಂಧದಲ್ಲಿ ಹಾಬಿಟ್ ಎಂಬ ಗಿಡ್ಡ ಜನರ ಪಂಚಾಂಗವಿದೆ. 30 ದಿನಗಳ 12 ತಿಂಗಳು; ಯಾವ ತಿಂಗಳಿಗೂ ಸೇರದ 5 ದಿನಗಳು. ಇವುಗಳಲ್ಲಿ ವರ್ಷದ ನಟ್ಟನಡುವಿನ ದಿನಕ್ಕೆ ವಾರದ ಹೆಸರೇ ಇಲ್ಲ! ಅಧಿಕ ವರ್ಷದ ಹೆಚ್ಚುವರಿ ದಿನಕ್ಕೂ ಇಲ್ಲ. ಹೀಗಾಗಿ ಪ್ರತಿ ವರ್ಷವೂ ವಾರದ ಮೊದಲ ದಿನವೇ ಆರಂಭವಾಗುತ್ತದೆ. ಒಂದೇ ಕ್ಯಾಲೆಂಡರ್ ಆಯುಷ್ಯವಿಡೀ ಸಾಕು.

ಇದೇ ಉಪಾಯದ 'ವಿಶ್ವ ಕ್ಯಾಲೆಂಡರ್' ಯೋಜನೆಯನ್ನು 1950ರ ದಶಕದಲ್ಲಿ ಭಾರತ ವಿಶ್ವಸಂಸ್ಥೆಯ ಮುಂದಿಟ್ಟಿತ್ತು. ವಿಜ್ಞಾನಿ ಮೇಘನಾದ ಸಹಾ ಅದರ ಪರ ವಾದಿಸಿದರು. ಆದರೆ ತಪ್ಪದೆ ಏಳು ದಿನಕ್ಕೊಮ್ಮೆ ಪ್ರಾರ್ಥನೆಯ ದಿನ ಆಚರಿಸುವವರು ವಿರೋಧಿಸಿದರು. ವಾರವಿಲ್ಲದ ದಿನ ನಡುವೆ ನುಸುಳಿದರೆ ಅವರ ಎಣಿಕೆಯೇ ತಪ್ಪುತ್ತಿತ್ತು. ಯೋಜನೆ ಅಲ್ಲಿಗೇ ನಿಂತಿತು.

ವಿದ್ಯಾರ್ಥಿಗಳೇ, ನಿಮ್ಮದೇ ಕಲ್ಪನೆಯ ನಾಡಿಗೆ ಪಂಚಾಂಗ ರಚಿಸಿ ನೋಡಿ. ಲೆಕ್ಕ ಕೂಡಿಬಂದ ಮೇಲೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಅಲ್ಲಿನ ಜನ ಇದನ್ನು ಒಪ್ಪುವರೇ?