ತೂತು ಕೊರೆಯದ ಕೋವಿ

ಪ್ರಶ್ನೆ: ಹಳೆಯ ಕಾಲದ ಕೋವಿಗಳ ಪ್ರತಿಕೃತಿಗೆ ಹೊರದೇಶಗಳಲ್ಲಿ ಗಿರಾಕಿಯಿದೆ. ಸೇಲಂ, ಧರ್ಮಪುರಿ ಜಿಲ್ಲೆಗಳ ಕಮ್ಮಾರರಿಗೆ ಆ ಕಸುಬು ಮಾಡಲು ಬಿಡಬಹುದೆ?

ಪರ

ಈ ಜಿಲ್ಲೆಗಳ ಹಳೆಯ ಬಾರಾಮಹಲ್ ಸೀಮೆ ಮೈಸೂರಿನವರಿಗೆ ಪರದೇಶವಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಡುವವರೆಗೂ ಅಲ್ಲಿಯ ಕೋಟೆಗಳು ನಮ್ಮವೇ ಆಗಿದ್ದವು. ಇಂದಿಗೂ ಧರ್ಮಪುರಿ ಕಡೆ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ. ಇನ್ನು ಕಬ್ಬಿಣ ಆ ಸೀಮೆಯ ನೆಲದಲ್ಲೇ ಹುಟ್ಟಿದ್ದು. ಸೇಲಂ ಪಕ್ಕದ ಕಂಜಮಲೆಯ ಅದಿರನ್ನು ತಿದಿ ಊದಿ ಕರಗಿಸುತ್ತಿದ್ದ ಕಾಲವೊಂದಿತ್ತು. ಅಲ್ಲಿಯ ಅದಿರನ್ನು ನಂಬಿ ಹೀತ್ ಎಂಬ ಇಂಗ್ಲಿಷಿನವನು 1830ರ ದಶಕದಲ್ಲಿ ಪರಂಗಿಪೇಟೆಯಲ್ಲಿ ಕಾರ್ಖಾನೆ ಹಾಕಿ ಕೈ ಸುಟ್ಟುಕೊಂಡ. ಕೈ ಸುಟ್ಟದ್ದು ಅವನ ಲೆಕ್ಕಾಚಾರದಿಂದ, ಅದಿರಿನ ದೋಷದಿಂದಲ್ಲ ಎಂದು ನನ್ನ ಅನಿಸಿಕೆ.

ಕೋವಿ ಮಾಡುವುದೂ ಅಲ್ಲಿಯವರಿಗೆ ಹೊಸ ವಿದ್ಯೆಯಲ್ಲ. ಕಲ್ವರಾಯನ್ ಬೆಟ್ಟದ ಕರುಮಂದುರೈ ಸುತ್ತಿನ ಹಳ್ಳಿಗಳಲ್ಲಿ 'ಪರವಾನಗಿಯಿಲ್ಲದ ನಾಡಕೋವಿ ಇದ್ದವರು ತಂದೊಪ್ಪಿಸಿ, ಕೇಸು ಹಾಕುವುದಿಲ್ಲ' ಎಂದು ಪೊಲೀಸರು ಸಾರುತ್ತಾರೆ. ಯಾರೂ ಕಾಣದ ಹೊತ್ತಿನಲ್ಲಿ ಕೋವಿಗಳು ಬಯಲಿಗೆ ಬಂದು ಬೀಳುತ್ತವೆ. ಅವನ್ನು ಮಾಡಿದ ಕೈಗಳು ಮಾತ್ರ ಎಲ್ಲಿಗೂ ಹೋಗುವುದಿಲ್ಲ, ಕುಲುಮೆಯ ಮುಂದೆಯೇ ಇರುತ್ತವೆ. ಆ ಕೈಗಳಿಗೆ ನೇರವಾದ ದಾರಿಯೊಂದನ್ನು ತೋರಿಸಬೇಡವೆ?

ಪೇಟೆ ಇದೆ, ಅದೂ ದೊಡ್ಡದು. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಟಿಪ್ಪು ಕಾಲದ ಆಯುಧಗಳು ಸುಮಾರು 60 ಲಕ್ಷ ಪೌಂಡಿಗೆ ಹೋದವು. ಅಸಲಿಗೆ ಕೈ ಎಟುಕದವರು ನಕಲನ್ನು ಕೊಳ್ಳುತ್ತಾರೆ, ಅದರಲ್ಲಿ ಅವಮಾನವೇನಿಲ್ಲ. ಅಮೆರಿಕದ ಅಂತರ್ಯುದ್ಧಕ್ಕೆ ನೂರು ವರ್ಷ ತುಂಬುವ ಹೊತ್ತಿಗೆ, ಅಂದರೆ 1961ರ ಆಸುಪಾಸಿನಲ್ಲಿ, ಅಲ್ಲಿಯ ವ್ಯಾಪಾರಿಗಳು ಹಳೆಯ ಮಾದರಿಯ ಪಿಸ್ತೂಲು, ಬಂದೂಕುಗಳಿಗಾಗಿ ಇಟಲಿಯ ಗಾರ್ದೋನೆ ಕಣಿವೆಗೆ ಹೋದರು. 1957ರಲ್ಲಿ ಶುರುವಾದ ಪೆದೆರ್ಸೋಲಿ ಮನೆತನದ ಕಾರ್ಖಾನೆ ಇಂದೂ ಅಲ್ಲಿ ಅದೇ ಕೆಲಸದಲ್ಲಿದೆ. ಹಳೆಯ ಯುದ್ಧಗಳನ್ನು ವೇಷ ಕಟ್ಟಿ ಆಡುವ ಮಂದಿ, ಸಿನಿಮಾದವರು, ಬೈಠಕ್‌ಖಾನೆಯ ಗೋಡೆಗೆ ಅಲಂಕಾರ ಹುಡುಕುವವರು, ಇವರೆಲ್ಲ ಗಿರಾಕಿಗಳು. ನಮ್ಮ ದೇಶದ ಉತ್ತರದ ಕಾರ್ಯಾಗಾರಗಳಿಂದ 'ಬ್ರೌನ್ ಬೆಸ್' ಎಂಬ ಹಳೆಯ ಇಂಗ್ಲಿಷ್ ಚಕಮಕಿ ಕೋವಿಯ ನಕಲುಗಳು ಕೆನಡಾ, ಅಮೆರಿಕಗಳಿಗೆ ಹೋಗುತ್ತಲೇ ಇವೆ. ಬತ್ತಿಯ ತೂತು ಕೊರೆಯದೆ ಕಳಿಸುವುದರಿಂದ ಅದು ಆಯುಧವಲ್ಲ, ಬೊಂಬೆ. ಉತ್ತರದವರು ಮಾಡುವುದನ್ನು ಸೇಲಮ್ಮಿನವರು ಮಾಡಿದರೆ ತಪ್ಪೇನು? ಶ್ರೀರಂಗಪಟ್ಟಣದಲ್ಲಿ ಮಾಡುತ್ತಿದ್ದ ಹುಲಿಪಟ್ಟೆಯ ಕೋವಿಯ ನಕಲು ಬಾರಾಮಹಲಿನ ಕುಲುಮೆಯಿಂದಲೇ ಬಂದರೆ ಅದಕ್ಕೊಂದು ಕಥೆಯೂ ಸಿಗುತ್ತದೆ, ಬೆಲೆಯೂ ಸಿಗುತ್ತದೆ.

ಕೊಡಗಿನವರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದೂ ಆಗಿದೆ. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಜನರನ್ನು ನಂಬಬಹುದಾದರೆ ಕಬ್ಬಿಣದ ಬೊಂಬೆ ಮಾಡುವವರನ್ನು ನಂಬಲು ಹೆದರಿಕೆ ಯಾಕೆ?

ವಿರೋಧ

ಗೆಳೆಯರು ತೂತಿನ ಮಾತನ್ನು ಒಂದೇ ವಾಕ್ಯದಲ್ಲಿ ದಾಟಿಸಿಬಿಟ್ಟರು. ನಾನು ಅಲ್ಲೇ ಕೂರುತ್ತೇನೆ.

ಚಕಮಕಿ ಕೋವಿಯೆಂದರೆ ಏನು? ಒಂದು ಕಡೆ ಮುಚ್ಚಿದ ಉಕ್ಕಿನ ನಳಿಗೆ. ಬಾಯಿಂದ ಮದ್ದು, ಚರೆ ಹಾಕಿ ಗಜದಿಂದ ಜಡಿಯಬೇಕು. ಹೊರಗಿನ ಕಿಡಿ ಒಳಗಿನ ಮದ್ದನ್ನು ಮುಟ್ಟಲು ಬುಡದಲ್ಲಿ ಕಡ್ಡಿ ತೂರುವಷ್ಟು ಸಣ್ಣ ತೂತು. ನಳಿಗೆ, ಕುದುರೆ, ಚಕಮಕಿಯ ಯಂತ್ರ ಎಲ್ಲವೂ ಇದ್ದು ಆ ತೂತೊಂದು ಇಲ್ಲದಿದ್ದರೆ ಅದು ಬೊಂಬೆಯಂತೆ! ಬೋರ್‌ವೆಲ್ ಪಂಪು ರಿಪೇರಿ ಮಾಡುವ ಹುಡುಗನ ಕೈಲಿರುವ ಡ್ರಿಲ್ಲಿಗೆ ಅದು ಅರ್ಧ ಬೀಡಿ ಸೇದುವಷ್ಟು ಹೊತ್ತಿನ ಕೆಲಸ. 1959ರ ಆಯುಧ ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು. ಆಟಿಕೆಯಾಗಿ ಬಿಟ್ಟು ಬೇರೆ ಉಪಯೋಗಕ್ಕೆ ಬಾರದ, ಕೆಲಸ ಮಾಡುವ ಆಯುಧವಾಗಿ ಮಾರ್ಪಡಿಸಲೂ ಆಗದ ವಸ್ತುವನ್ನು ಮಾತ್ರ ಅವರು ಕಾಯ್ದೆಯಿಂದ ಹೊರಗಿಟ್ಟರು. ತೂತು ಕೊರೆಯದ ಕೋವಿ ಆ ಸಾಲಿಗೆ ಸೇರುತ್ತದೆಯೆ? ಪರವಾನಗಿಯಿಲ್ಲದೆ ಬಂದೂಕು ತಯಾರಿಸಿದವನಿಗೆ 2019ರ ತಿದ್ದುಪಡಿಯ ಮೇಲೆ ಕನಿಷ್ಠ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ. ಲಾಭ ರಫ್ತುದಾರನಿಗೆ, ಜೈಲು ಕಮ್ಮಾರನಿಗೆ ಎಂದಾಗುವ ಅಪಾಯ ನನಗೆ ಕಾಣುತ್ತಿದೆ. ಕೊಡಗಿನ ಉದಾಹರಣೆಯೂ ಹೊಂದುವುದಿಲ್ಲ: ಅಲ್ಲಿಯ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಮಾಡುವುದಕ್ಕಲ್ಲ.

ಧರ್ಮಪುರಿ ಸೀಮೆಯ ಹೆಸರೆತ್ತಿದರೆ ನಮ್ಮವರಿಗೆ ಮೊದಲು ನೆನಪಾಗುವವನು 2004ರಲ್ಲಿ ಪಾಪಾರಪಟ್ಟಿ ಬಳಿ ಗುಂಡಿಗೆ ಬಲಿಯಾದ ವೀರಪ್ಪನ್. ಅವನನ್ನು ಎಳೆತಂದು ಹೆದರಿಸುವುದು ಸುಲಭ, ಹಾಗೆ ಮಾಡುವುದಿಲ್ಲ. ಅವನ ಆನೆದಂತದ ವ್ಯಾಪಾರ ಬೇರೆಯೇ ಲೋಕ. ನಾನು ಹೇಳುತ್ತಿರುವುದು ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿತೆಂದು ರಾತ್ರಿಯೆಲ್ಲ ಅಟ್ಟಣೆಯಲ್ಲಿ ಕೂರುವ ಸಾಮಾನ್ಯ ರೈತನ ಮಾತು. ನಾಡಕೋವಿಯ ಮೊದಲ ಗಿರಾಕಿ ಅವನೇ. ಕೆನಡಾದ ಗಿರಾಕಿಗೆ ಗೋಡೆ ಇದೆ, ಇವನಿಗೆ ಹೊಲ ಇದೆ. ನೂರು ನಳಿಗೆ ಮಾಡುವ ಕುಲುಮೆಯಿಂದ ಹತ್ತು ಹಿಂದಿನ ಬಾಗಿಲಿನಿಂದ ಹೋಗುವುದಿಲ್ಲ ಎಂದು ಯಾರು ಕಾಯುತ್ತಾರೆ? ಬಿಹಾರದ ಮುಂಗೇರಿನಲ್ಲಿ ಕೋವಿ ಮಾಡಲು ಸರ್ಕಾರವೇ ಪರವಾನಗಿ ಕೊಟ್ಟಿತ್ತು. ಸಕ್ರಮ ಕೋವಿಗೆ ಬೇಡಿಕೆ ಇಳಿದಾಗ ಅಲ್ಲಿಯ ಕುಶಲ ಕೈಗಳೇ ಕಳ್ಳ ಪಿಸ್ತೂಲಿಗೆ ತಿರುಗಿದವು. ನೇರವಾದ ದಾರಿ ಎಂದರಲ್ಲ ಗೆಳೆಯರು, ಆ ದಾರಿ ಮುಂಗೇರಿನಲ್ಲಿ ಮುಟ್ಟಿದ್ದು ಅಲ್ಲಿಗೆ.

ಇನ್ನೊಂದು ವಿಷಯವನ್ನು ಅವರು ಎತ್ತಲೇ ಇಲ್ಲ. ಇಟಲಿಯ ನಕಲಿಗೆ ಬೆಲೆ ಬರುವುದು ಗಾರ್ದೋನೆಯ ಪರೀಕ್ಷಾಲಯದಲ್ಲಿ ಹೆಚ್ಚು ಮದ್ದು ತುಂಬಿ ಹೊಡೆದು ನೋಡಿ, ಒಡೆಯದ ನಳಿಗೆಗೆ ಮುದ್ರೆ ಒತ್ತುವುದರಿಂದ. ಬರ್ಮಿಂಗ್‌ಹ್ಯಾಮಿನಲ್ಲಿ ಅಂಥ ಪರೀಕ್ಷಾಲಯ 1813ರಿಂದ ಇದೆ. ನಮ್ಮ ತೂತಿಲ್ಲದ ಕೋವಿಗೆ ಆ ಪರೀಕ್ಷೆಯೇ ಇಲ್ಲ, ಏಕೆಂದರೆ ಅದು ಬೊಂಬೆ! ಕೊಂಡವನು ಅದಕ್ಕೆ ತೂತು ಕೊರೆದು ಮದ್ದು ತುಂಬಿದ ದಿನ ನಳಿಗೆ ಸೀಳಿದರೆ, ಹೋಗುವುದು ಅವನ ಕೆನ್ನೆಗೆ ಒತ್ತಿದ ಕಡೆಯ ಕಣ್ಣು.

ಕಮ್ಮಾರರ ಹೊಟ್ಟೆಗೆ ಅಡ್ಡ ಬರುವ ಆಸೆ ನನಗಿಲ್ಲ. ಹುಲಿಪಟ್ಟೆ ಕೆತ್ತಲಿ, ಹಿತ್ತಾಳೆ ಕೂರಿಸಲಿ, ಕುದುರೆ ಟಕ್ಕೆನ್ನುವ ಹಾಗೆ ಮಾಡಲಿ. ನಳಿಗೆ ಮಾತ್ರ ಒಳಗೆ ಟೊಳ್ಳಿಲ್ಲದ ಗಟ್ಟಿ ಸರಳಾಗಿರಲಿ. ಬಾಯಲ್ಲಿ ಎರಡಂಗುಲ ಕೊರೆದರೆ ಗೋಡೆಯ ಮೇಲೆ ನೋಡುವವರಿಗೆ ವ್ಯತ್ಯಾಸ ತಿಳಿಯದು. ಹಾಗೆ ಮಾಡಿದ ಮೇಲೆ ಎಷ್ಟು ಮಂದಿ ಗಿರಾಕಿಗಳು ಉಳಿಯುತ್ತಾರೆಂದು ಗೆಳೆಯರೇ ವಿಚಾರಿಸಿ ಬರಲಿ.