ಪಿತ್ತದ ಗಂಧೆಯೂ ಲಸಿಕೆಯ ಒಪ್ಪಿಗೆಪತ್ರವೂ

ರಾಷ್ಟ್ರೀಯ ಲಸಿಕಾ ಪಟ್ಟಿಯಂತೆ ಮಕ್ಕಳಿಗೆ 10 ಹಾಗೂ 16ನೆಯ ವಯಸ್ಸಿನಲ್ಲಿ ಟಿಡಿ ಲಸಿಕೆಯನ್ನು ನೀಡಲಾಗುತ್ತದೆ. ಧನುರ್ವಾಯು ಮತ್ತು ಗಂಟಲಮಾರಿ ಎಂಬ ಎರಡು ಮಾರಕ ರೋಗಗಳಿಂದ ಇದು ರಕ್ಷಣೆ ನೀಡುತ್ತದೆ. ಶಾಲೆಯಲ್ಲಿಯೇ ಲಸಿಕೆ ಹಾಕುವಾಗ ಪಾಲಕರ ಸಹಿಗಾಗಿ ಒಪ್ಪಿಗೆಪತ್ರವೊಂದು ಮನೆಗೆ ಬರುತ್ತದೆ. ಮಗುವಿಗೆ ಅಲರ್ಜಿ ಇದೆಯೇ ಎಂಬ ಪ್ರಶ್ನೆ ಎದುರಾದಾಗ, ಆಗಾಗ ಮೈಮೇಲೆ ಪಿತ್ತದ ಗಂಧೆ ಏಳುವ ಮಕ್ಕಳ ತಾಯ್ತಂದೆಯರು ಗೊಂದಲಕ್ಕೀಡಾಗುತ್ತಾರೆ. ‘ಇದೆ’ ಎಂದು ಬರೆದರೆ ಮಗುವಿಗೆ ಲಸಿಕೆ ತಪ್ಪಬಹುದು. ‘ಇಲ್ಲ’ ಎಂದು ಬರೆದರೆ ಏನಾದರೂ ಅಪಾಯವಾದೀತೆಂಬ ಭಯ. ಕಾಸರಗೋಡಿನಂತಹ ಗಡಿಪ್ರದೇಶದಲ್ಲಿ ಆ ಪತ್ರ ಮಲಯಾಳದಲ್ಲಿ ಮಾತ್ರ ಇದ್ದರಂತೂ ಪ್ರಶ್ನೆ ಏನೆಂಬುದೇ ಕೆಲವರಿಗೆ ತಿಳಿಯದು.

ವೈದ್ಯಶಾಸ್ತ್ರದ ಉತ್ತರ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಪಿತ್ತದ ಗಂಧೆ ಏಳುತ್ತದೆ ಎಂಬುದೊಂದೇ ಲಸಿಕೆಯನ್ನು ಬಿಡಲು ಕಾರಣವಲ್ಲ. ಚರ್ಮದಲ್ಲಿರುವ ಮಾಸ್ಟ್ ಜೀವಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಬಿಟ್ಟಾಗ ಮೈ ಅಲ್ಲಲ್ಲಿ ಉಬ್ಬಿ ತುರಿಸುತ್ತದೆ. ಆರು ವಾರಗಳಿಗೂ ಮೀರಿ ಹೀಗೆ ಬಂದುಹೋಗುತ್ತಿದ್ದರೆ ಅದನ್ನು ದೀರ್ಘಕಾಲಿಕ ಗಂಧೆ ಎನ್ನುತ್ತಾರೆ. ಮನೆಯವರು ಬದನೆ, ಮೀನು, ಮೊಟ್ಟೆ ಎಂದು ಒಂದೊಂದನ್ನೇ ಬಿಡಿಸುತ್ತಾ ಹೋಗುವುದುಂಟು. ಆದರೆ ದೀರ್ಘಕಾಲಿಕ ಗಂಧೆಗೆ ಆಹಾರ ಕಾರಣವಾಗಿರುವುದು ಅಪರೂಪ. ಅನೇಕರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಆ ಜೀವಕೋಶಗಳನ್ನು ಕೆರಳಿಸುತ್ತಿರುತ್ತದೆ. ಲಸಿಕೆಯ ಬಳಿಕ ಕೆಲವು ದಿನ ಗಂಧೆ ಹೆಚ್ಚಾಗಬಹುದು, ಮತ್ತೆ ಅಡಗಬಹುದು. ದಿನವೂ ಸೇವಿಸುವ ಸಿಟ್ರಿಜಿನ್‌ನಂತಹ ಮಾತ್ರೆಯನ್ನು ಲಸಿಕೆಗಾಗಿ ನಿಲ್ಲಿಸಬೇಕಿಲ್ಲ; ಅದು ಲಸಿಕೆಯ ಫಲವನ್ನು ಕುಂದಿಸುವುದಿಲ್ಲ.

ನಿಜವಾದ ನಿಷೇಧದ ವ್ಯಾಪ್ತಿ ಬಹಳ ಕಿರಿದು. ಅದೇ ಲಸಿಕೆಯ ಹಿಂದಿನ ಡೋಸ್‌ನಿಂದ, ಅಥವಾ ಅದರಲ್ಲಿರುವ ಯಾವುದಾದರೂ ಘಟಕದಿಂದ, ಅನಾಫಿಲ್ಯಾಕ್ಸಿಸ್ ಎಂಬ ತೀವ್ರ ಅಲರ್ಜಿ ಉಂಟಾಗಿದ್ದವರಿಗೆ ಆ ಲಸಿಕೆಯನ್ನು ಹಾಕಬಾರದು. ಉಸಿರಾಟ ಕಷ್ಟವಾಗುವುದು, ನಾಲಿಗೆ ಗಂಟಲು ಊದುವುದು, ರಕ್ತದೊತ್ತಡ ಕುಸಿಯುವುದು ಅದರ ಲಕ್ಷಣಗಳು. ಅಮೆರಿಕದಲ್ಲಿ ನೀಡಲಾದ ಸುಮಾರು ಎರಡೂವರೆ ಕೋಟಿ ಡೋಸ್‌ಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇಂತಹ 33 ಪ್ರಕರಣಗಳು ಮಾತ್ರ ಕಂಡುಬಂದವು. ಟಿಡಿ ಲಸಿಕೆಯಲ್ಲಿ ಮೊಟ್ಟೆಯ ಅಂಶವಿಲ್ಲ. ದಡಾರ–ರುಬೆಲ್ಲಾ ಲಸಿಕೆಗೂ ಮೊಟ್ಟೆಯ ಅಲರ್ಜಿ ಅಡ್ಡಿಯಲ್ಲ. ಆದರೆ ಜೆಲಾಟಿನ್ ಅಥವಾ ನಿಯೋಮೈಸಿನ್‌ನಿಂದ ಹಿಂದೆ ತೀವ್ರ ಅಲರ್ಜಿ ಆಗಿದ್ದರೆ ಅದನ್ನು ಮೊದಲೇ ತಿಳಿಸಬೇಕು. ಗಂಧೆಗಾಗಿ ಮಗು ಸ್ಟೀರಾಯ್ಡ್ ಮಾತ್ರೆಯನ್ನು ಹೆಚ್ಚಿನ ಪ್ರಮಾಣದಲ್ಲಿ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಸೇವಿಸಿದ್ದರೆ, ದಡಾರದಂತಹ ಜೀವಂತ ಲಸಿಕೆಯನ್ನು ವೈದ್ಯರು ಮುಂದೂಡುತ್ತಾರೆ. ಟಿಡಿ ಜೀವಂತ ಲಸಿಕೆಯಲ್ಲ.

ಆದುದರಿಂದ ಒಪ್ಪಿಗೆಪತ್ರದಲ್ಲಿ ‘ಅಲರ್ಜಿ ಇದೆ’ ಎಂಬ ಎರಡೇ ಪದ ಬರೆದರೆ ಸಾಲದು. ನ್ಯಾಯಾಲಯದ ಮುಂದೆ ಸಾಕ್ಷಿ ಹೇಳುವಂತೆ ನಡೆದುದನ್ನು ನಡೆದಂತೆ ಬರೆಯಬೇಕು: ಯಾವುದರಿಂದ ಆಯಿತು, ಎಷ್ಟು ಹೊತ್ತಿನಲ್ಲಿ ಆಯಿತು, ಮೈಮೇಲೆ ಗಂಧೆ ಮಾತ್ರ ಎದ್ದಿತೆ, ಉಸಿರೂ ಕಟ್ಟಿತೆ, ಆಸ್ಪತ್ರೆಗೆ ಸೇರಿಸಬೇಕಾಯಿತೆ. ಲಸಿಕೆ ಹಾಕಿಸಿಕೊಂಡ ಕೆಲವೇ ನಿಮಿಷಗಳಲ್ಲಿ ಗಂಧೆ ಎದ್ದಿದ್ದರೆ ಮುಂದಿನ ಡೋಸ್‌ಗೆ ಮುನ್ನ ವೈದ್ಯರ ಪರೀಕ್ಷೆ ಅಗತ್ಯ. ಒಂದೆರಡು ದಿನಗಳ ಅನಂತರ ಜ್ವರದೊಡನೆ ಎದ್ದ ಗಂಧೆಗೆ ಬಹುವೇಳೆ ವೈರಸ್ ಸೋಂಕೇ ಕಾರಣ.

ಲಸಿಕೆಯ ಬಳಿಕ ಮಗುವನ್ನು 30 ನಿಮಿಷ ಅಲ್ಲಿಯೇ ಕುಳ್ಳಿರಿಸುವುದು ಕೇವಲ ಉಪಚಾರದ ಮಾತಲ್ಲ. ತೀವ್ರ ಅಲರ್ಜಿ ಕಾಣಿಸಿಕೊಳ್ಳುವುದಿದ್ದರೆ ಹೆಚ್ಚಾಗಿ ಆ ಅವಧಿಯಲ್ಲಿಯೇ. ಅದಕ್ಕೆ ಮೊದಲ ಔಷಧ ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಸಿಟ್ರಿಜಿನ್ ಮಾತ್ರೆ ಅದಕ್ಕೆ ಬದಲಿಯಾಗದು. ಸೂಜಿಯ ಭಯದಿಂದ ತಲೆಸುತ್ತಿ ಬೀಳುವ ಮಕ್ಕಳೂ ಇರುತ್ತಾರೆ. ಅಂಥವರು ಮಲಗಿಸಿದೊಡನೆ ಚೇತರಿಸಿಕೊಳ್ಳುತ್ತಾರೆ, ಮೈಮೇಲೆ ಗಂಧೆ ಇರುವುದಿಲ್ಲ. ಅದನ್ನು ಅಲರ್ಜಿಯೆಂದು ದಾಖಲಿಸಿದರೆ ಮಗು ಮುಂದಿನ ಲಸಿಕೆಗಳಿಂದಲೂ ವಂಚಿತವಾಗುತ್ತದೆ.

ಇನ್ನು ಕಾನೂನಿನ ಮಾತು. ಕೋವಿಡ್ ಲಸಿಕೆಗೆ ಸಂಬಂಧಿಸಿದ ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಮೇ 2ರಂದು ತೀರ್ಪಿತ್ತು, ಸಂವಿಧಾನದ 21ನೆಯ ವಿಧಿಯಡಿ ಯಾರಿಗೂ ಒತ್ತಾಯದಿಂದ ಲಸಿಕೆ ಹಾಕುವಂತಿಲ್ಲವೆಂದು ಹೇಳಿತು. 2019ರ ಜನವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಶಾಲೆಗಳಲ್ಲಿನ ದಡಾರ–ರುಬೆಲ್ಲಾ ಅಭಿಯಾನದ ಪ್ರಕರಣದಲ್ಲಿ ಪಾಲಕರ ಒಪ್ಪಿಗೆ ಅಗತ್ಯವೆಂದು ಎತ್ತಿಹಿಡಿಯಿತು. ಆ ತೀರ್ಪು ಕೇರಳವನ್ನು ಕಟ್ಟಿಹಾಕದಿದ್ದರೂ ಅದರ ತರ್ಕ ಎಲ್ಲೆಡೆಗೂ ಸಲ್ಲುತ್ತದೆ. ಓದಲಾಗದ ಪತ್ರಕ್ಕೆ ಹಾಕಿದ ಸಹಿ ಹೆಸರಿಗೆ ಮಾತ್ರ ಒಪ್ಪಿಗೆ. ಸಂವಿಧಾನದ 350ನೆಯ ವಿಧಿಯು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಮನವಿ ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಆ ವಿಧಿ ಹೇಳುವುದಿಲ್ಲ. ಆದರೂ ಒಪ್ಪಿಗೆಪತ್ರ ಕನ್ನಡದಲ್ಲಿ ಬೇಕೆಂದು ಶಾಲೆಯ ರಕ್ಷಕ–ಶಿಕ್ಷಕ ಸಂಘವು ಆರೋಗ್ಯಾಧಿಕಾರಿಗೆ ಕನ್ನಡದಲ್ಲಿಯೇ ಬರೆದು ಕೇಳಬಹುದು.

ನಿರಾಕರಿಸುವ ಹಕ್ಕು ಇದೆಯೆಂದ ಮಾತ್ರಕ್ಕೆ ನಿರಾಕರಣೆಯೇ ಹಿತವೆಂದಾಗದು. 2016ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲಮಾರಿ ಮತ್ತೆ ಕಾಣಿಸಿಕೊಂಡು ಮಕ್ಕಳ ಜೀವ ತೆಗೆಯಿತು. ಲಸಿಕೆಯಿಂದ ಹೊರಗುಳಿದವರ ಸಂಖ್ಯೆ ಹೆಚ್ಚಿದ ಕಡೆ ಮರೆತುಹೋದ ರೋಗ ಹಿಂದಿರುಗುವುದು ಹೀಗೆ. ಗಂಧೆಯ ತೊಂದರೆಯಿರುವ ಮಗುವಿನ ಪಾಲಕರು ಲಸಿಕೆಯ ದಿನಕ್ಕೆ ಮುಂಚಿತವಾಗಿಯೇ ಹಳೆಯ ಚೀಟಿಗಳೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಂಡು, ಅವರ ಅಭಿಪ್ರಾಯವನ್ನು ಬರೆಸಿಕೊಂಡು ಒಪ್ಪಿಗೆಪತ್ರಕ್ಕೆ ಲಗತ್ತಿಸುವುದು ಒಳ್ಳೆಯದು. ಲಸಿಕೆಯ ಬಳಿಕ ಏನಾದರೂ ತೊಂದರೆ ಕಂಡರೆ ಅದನ್ನು ಆರೋಗ್ಯ ಕೇಂದ್ರಕ್ಕೆ ತಿಳಿಸಿ, ದಾಖಲಾಯಿತೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮುಂದಿನ ಲಸಿಕೆಯ ಸಮಯದಲ್ಲಿ ವೈದ್ಯರು ನಿರ್ಧರಿಸಲು ಆ ದಾಖಲೆಯೇ ಆಧಾರ.